ಫೋನು ಕೈಯಲ್ಲಿ, ನಿರ್ಧಾರ ಯಾರ ಕೈಯಲ್ಲಿ?

ಹಿಂದೂಪುರ/ಕಲ್ಯಾಣದುರ್ಗ: "ಒಂದ್ನಿಮಿಷ ಇರಿ, ಸಾರ್‌ನ ಕೇಳಿ ಹೇಳ್ತೀನಿ." ಗಡಿಭಾಗದ ಜನರಿಗೆ ಈ ಮಾತು ಎರಡು ಭಾಷೆಯಲ್ಲೂ ಬಾಯಿಪಾಠ. ತೆಲುಗಿನಲ್ಲಾದರೆ "ಒಕ್ಕ ನಿಮಿಷಂ ಉಂಡಂಡಿ, ಸಾರ್‌ನಿ ಅಡಿಗಿ ಚೆಪ್ತಾನು". ಫ್ಯಾಕ್ಟರಿಯಲ್ಲಿ ರಜೆ ಕೇಳಿದರೂ ಇದೇ ಮಾತು, ಬ್ಯಾಂಕಿನಲ್ಲಿ ಸಾಲ ಕೇಳಿದರೂ ಇದೇ ಮಾತು, ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಅಡ್ವಾನ್ಸ್ ಸ್ವಲ್ಪ ಕಡಿಮೆ ಮಾಡಿ ಎಂದರೂ ಇದೇ ಮಾತು. ಮಾತು ಮುಗಿಯುವ ಮೊದಲೇ ಮೊಬೈಲು ಕಿವಿಗೆ ಹೋಗಿರುತ್ತದೆ. ಆ ಕಡೆಯ 'ಸಾರ್' ಫೋನೆತ್ತಿದರೆ ಕೆಲಸ ಆಯಿತು, ಎತ್ತದಿದ್ದರೆ ನಾಳೆ ಬನ್ನಿ.

ಹೀಗೆ ಹೇಳುವವರು ಸಾಮಾನ್ಯ ನೌಕರರಾದರೆ ಆಶ್ಚರ್ಯವಿಲ್ಲ. ಆದರೆ ಇಂದು ಈ ಮಾತನ್ನು ಹೆಚ್ಚಾಗಿ ಆಡುತ್ತಿರುವವರು ಮ್ಯಾನೇಜರ್‌ಗಳು. ಮೇಜಿನ ಮೇಲೆ ಹೆಸರಿನ ಫಲಕ ಇದೆ, ಹತ್ತು ಹದಿನೈದು ವರ್ಷದ ಅನುಭವ ಇದೆ, ಕೈಕೆಳಗೆ ಐವತ್ತು ಜನ ಇದ್ದಾರೆ. ಇಲ್ಲದಿರುವುದು ಒಂದೇ: ತಾವೇ ನಿಂತು 'ಆಗಲಿ' ಅಥವಾ 'ಆಗದು' ಎನ್ನುವ ಧೈರ್ಯ. ಈ ಧೈರ್ಯ ಎಲ್ಲಿ ಹೋಯಿತು? ಮೊಬೈಲು ಅದನ್ನು ಕಸಿದುಕೊಂಡಿತೇ? ಮತ್ತೆ ಬೆಳೆಸುವ ದಾರಿ ಇದೆಯೇ? ಗಡಿಯ ಎರಡು ಊರುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಉತ್ತರ ಸ್ವಲ್ಪ ಸ್ಪಷ್ಟವಾಗುತ್ತದೆ.

ಕರೆ ದುಬಾರಿಯಾಗಿದ್ದ ಕಾಲ

ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತಾಡಿದರು. ಆಗ ಒಂದು ನಿಮಿಷದ ಮಾತಿಗೆ 16 ರೂಪಾಯಿಯವರೆಗೂ ಬೀಳುತ್ತಿತ್ತು. ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಅದು ತಪ್ಪಿದ್ದು 2003ರಲ್ಲಿ. 2006ರಲ್ಲಿ ಬಿಎಸ್‌ಎನ್‌ಎಲ್ ನಿಮಿಷಕ್ಕೆ ಒಂದು ರೂಪಾಯಿಗೆ ದೇಶದ ಯಾವ ಮೂಲೆಗಾದರೂ ಎಸ್‌ಟಿಡಿ ಕರೆ ಎಂಬ ಯೋಜನೆ ತಂದಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲಂತೂ ಮಾತಿಗೆ ಬೇರೆ ಬೆಲೆಯೇ ಉಳಿಯಲಿಲ್ಲ.

ಗಡಿಯವರ ಕಥೆ ಇನ್ನೂ ಸ್ವಲ್ಪ ಬೇರೆ. ಆಂಧ್ರದ್ದು ಒಂದು ಸರ್ಕಲ್, ಕರ್ನಾಟಕದ್ದು ಇನ್ನೊಂದು. ಹಿಂದೂಪುರದ ಸಿಮ್ ಗೌರಿಬಿದನೂರಿಗೆ ಹೋದರೆ ರೋಮಿಂಗ್. ಹೊಲದಲ್ಲಿ ನಿಂತ ಜಾಗ ಸ್ವಲ್ಪ ಬದಲಾದರೂ ಪಕ್ಕದ ರಾಜ್ಯದ ಟವರ್ ಹಿಡಿದು ಬ್ಯಾಲೆನ್ಸ್ ಕರಗುತ್ತಿದ್ದ ದಿನಗಳನ್ನು ಇಲ್ಲಿನ ಜನ ಮರೆತಿಲ್ಲ. ಜೇಬಿನಲ್ಲಿ ಎರಡು ಸಿಮ್ ಇಟ್ಟುಕೊಳ್ಳುವ ರೂಢಿ ಬೆಳೆದದ್ದೂ ಹಾಗೆಯೇ. 2015ರ ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ರೋಮಿಂಗ್‌ನಲ್ಲಿ ಬರುವ ಕರೆಯನ್ನು ಉಚಿತ ಮಾಡಿದ ಮೇಲೆ, ಉಳಿದ ಕಂಪನಿಗಳೂ ನಿಧಾನವಾಗಿ ಅದೇ ದಾರಿ ಹಿಡಿದವು.

ಕರೆ ದುಬಾರಿಯಾಗಿದ್ದ ಆ ಕಾಲದಲ್ಲಿ ಒಂದು ಒಳ್ಳೆಯದೂ ನಡೆಯುತ್ತಿತ್ತು. ಮಾಲೀಕ ಊರಿಗೆ ಹೋಗುವ ಮುನ್ನ ಕೂತು ಮಾತಾಡುತ್ತಿದ್ದ: "ಇಷ್ಟು ದರ ಬಂದರೆ ಕೊಡು, ಅದಕ್ಕಿಂತ ಕಡಿಮೆಗೆ ಬೇಡ. ಲಾರಿ ಹೊರಟರೆ ಒಂದು ಮಿಸ್ಡ್ ಕಾಲ್ ಕೊಡು, ತೊಂದರೆಯಾದರೆ ಎರಡು ಕೊಡು." ಮಿಸ್ಡ್ ಕಾಲ್ ಜಿಪುಣತನದ ಲಕ್ಷಣ ಎಂದು ಪಟ್ಟಣದವರು ನಕ್ಕರು. ಆದರೆ ಅದರೊಳಗೆ ಒಂದು ಒಪ್ಪಂದ ಇತ್ತು. ಯಾವುದನ್ನು ಕೆಳಗಿನವನೇ ನಿರ್ಧರಿಸಬೇಕು, ಯಾವುದನ್ನು ಮೇಲಿನವನಿಗೆ ತಿಳಿಸಬೇಕು ಎಂಬುದು ಫೋನು ರಿಂಗಾಗುವ ಮೊದಲೇ ಇತ್ಯರ್ಥವಾಗಿರುತ್ತಿತ್ತು. ಮಾತು ಪುಕ್ಕಟೆಯಾದ ಮೇಲೆ ಈ ಒಪ್ಪಂದದ ಅಗತ್ಯ ಯಾರಿಗೂ ಕಾಣಲಿಲ್ಲ. 'ಏನಾದರೂ ಇದ್ದರೆ ಫೋನ್ ಮಾಡು' ಎಂಬ ಒಂದೇ ಮಾತು ಅದರ ಜಾಗಕ್ಕೆ ಬಂತು.

ಹಿಂದೂಪುರ: ಮಾಲೀಕ ದೂರ, ಫೋನು ಹತ್ತಿರ

2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಮರುವಿಂಗಡಣೆಯಾದಾಗ ಹಿಂದೂಪುರ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಆದರೆ ವ್ಯಾಪಾರದ ಮುಖ ಮಾತ್ರ ಇಂದಿಗೂ ಬೆಂಗಳೂರಿನ ಕಡೆಗೇ. ಇಲ್ಲಿನ ರೈಲು ನಿಲ್ದಾಣ ಕೂಡ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು. ತೂಮಕುಂಟ, ಗೊಲ್ಲಾಪುರಂ ಕಡೆಯ ಕೈಗಾರಿಕಾ ಪ್ರದೇಶಗಳು, ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ 2019ರಲ್ಲಿ ಉತ್ಪಾದನೆ ಆರಂಭಿಸಿದ ಕಿಯಾ ಕಾರು ಕಾರ್ಖಾನೆ, ಅದರ ಸುತ್ತ ಬೆಳೆದ ಬಿಡಿಭಾಗಗಳ ಘಟಕಗಳು, ಇವೆಲ್ಲ ಸೇರಿ ಈ ಭಾಗದಲ್ಲಿ ಸೂಪರ್‌ವೈಸರ್, ಶಿಫ್ಟ್ ಇನ್‌ಚಾರ್ಜ್, ಪ್ಲಾಂಟ್ ಮ್ಯಾನೇಜರ್ ಎಂಬ ಹೊಸ ವರ್ಗವನ್ನೇ ಹುಟ್ಟುಹಾಕಿವೆ. ಮಡಕಶಿರ, ಅಮರಾಪುರಂ, ರೊಳ್ಳ, ಅಗಳಿ ಕಡೆಯ ಕನ್ನಡ ಮಾತಾಡುವ ಮನೆಗಳ ಹುಡುಗರಿಗೂ ಹುಡುಗಿಯರಿಗೂ ಸಂಬಳದ ಕೆಲಸ ಎಂದರೆ ಇಂಥ ಕಾರ್ಖಾನೆಯ ಕೆಲಸವೇ.

ಸಣ್ಣ ಘಟಕಗಳಲ್ಲಿ ಮಾಲೀಕರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ. ದೊಡ್ಡ ಘಟಕಗಳಲ್ಲಿ ಮುಖ್ಯ ಕಚೇರಿ ಇನ್ನೂ ದೂರ. ಒಂದು ಸಂದರ್ಭ ಊಹಿಸಿಕೊಳ್ಳಿ. ರಾತ್ರಿ ಪಾಳಿ, ಒಂದು ಯಂತ್ರದಿಂದ ಸುಟ್ಟ ವಾಸನೆ ಬರುತ್ತಿದೆ. ನಿಲ್ಲಿಸಿದರೆ ಅಂದಿನ ಆರ್ಡರ್ ತಪ್ಪುತ್ತದೆ, ನಿಲ್ಲಿಸದಿದ್ದರೆ ಯಾರ ಕೈಯಾದರೂ ಹೋಗಬಹುದು. ಶಿಫ್ಟ್ ಇನ್‌ಚಾರ್ಜ್ ಮೊದಲು ಮಾಡುವ ಕೆಲಸ ಯಂತ್ರದ ಸ್ವಿಚ್ ಆರಿಸುವುದೇ, ಅಥವಾ ವಾಟ್ಸಾಪ್ ಗುಂಪಿಗೆ ವಿಡಿಯೋ ಹಾಕುವುದೇ? ಗುಂಪಿನಲ್ಲಿ ಹನ್ನೆರಡು ಜನ ದೊಡ್ಡವರು ಇದ್ದಾರೆ. ಹನ್ನೆರಡು ನೀಲಿ ಟಿಕ್ ಬೀಳುತ್ತವೆ. ಯಾರೂ 'ನಿಲ್ಲಿಸು' ಎನ್ನುವುದಿಲ್ಲ, ಯಾರೂ 'ನಡೆಸು' ಎಂದೂ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಿದ್ದು ಯಾರೂ ಹೊಣೆಯಲ್ಲದ ಸ್ಥಿತಿ ಎಂದರೆ ಇದೇ.

ಅದೇ ಊರಿನ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದರೆ ಚಿತ್ರ ಬೇರೆ. ಗೂಡು ಕಾಯುವ ಸರಕಲ್ಲ. ದಿನ ಮೀರಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ, ನೂಲು ತುಂಡಾಗುತ್ತದೆ. ಹರಾಜಿನಲ್ಲಿ ರೀಲರ್ ಗೂಡನ್ನು ಕೈಯಲ್ಲಿ ಒತ್ತಿ, ಅಲ್ಲಾಡಿಸಿ ನೋಡಿ ದರ ಕೂಗಬೇಕು. ಪ್ರತಿ ಲಾಟಿಗೂ ಯಜಮಾನನಿಗೆ ಫೋನ್ ಮಾಡಿ ಕೂತರೆ ಸರಕು ಇನ್ನೊಬ್ಬರ ಪಾಲು. ಹುಣಸೆ, ಒಣಮೆಣಸಿನಕಾಯಿ ವ್ಯಾಪಾರದಲ್ಲೂ ಇದೇ ಕಥೆ. ಶಾಲೆ ಹೆಚ್ಚು ಕಲಿಯದ ಖರೀದಿದಾರ ಲಕ್ಷಾಂತರ ರೂಪಾಯಿಯ ನಿರ್ಧಾರವನ್ನು ಕಣ್ಣೆದುರೇ ಮಾಡುತ್ತಾನೆ. ಅವನ ಜೇಬಿನಲ್ಲೂ ಮೊಬೈಲು ಇದೆ. ಆದರೆ ಅವನು ಅದನ್ನು ಬಳಸುವುದು ಬೇರೆ ಮಾರುಕಟ್ಟೆಯ ದರ ತಿಳಿಯಲು, ಅಪ್ಪಣೆ ಕೇಳಲು ಅಲ್ಲ. ಒಂದೇ ಊರು, ಒಂದೇ ಉಪಕರಣ, ಎರಡು ಬಗೆಯ ಬಳಕೆ. ಮೊಬೈಲೇ ಧೈರ್ಯ ಕಸಿಯಿತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಗೂಡಿನ ಖರೀದಿದಾರನಿಗೆ ತನ್ನ ಮಿತಿ ಗೊತ್ತಿದೆ, ಮಿತಿಯೊಳಗೆ ತಪ್ಪಿದರೆ ಕೆಲಸ ಹೋಗುವುದಿಲ್ಲ ಎಂಬುದೂ ಗೊತ್ತಿದೆ. ಶಿಫ್ಟ್ ಇನ್‌ಚಾರ್ಜ್‌ಗೆ ಇವೆರಡೂ ಗೊತ್ತಿಲ್ಲ.

ಕಲ್ಯಾಣದುರ್ಗ: ಹದ ಕಾಯುವುದಿಲ್ಲ, ಆದೇಶ ಬರುವುದಿಲ್ಲ

ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಒಂದು ಕಡೆ ಪಾವಗಡ, ಇನ್ನೊಂದು ಕಡೆ ಚಳ್ಳಕೆರೆ ಸೀಮೆ. ಇಲ್ಲಿ ಕಾರ್ಖಾನೆಗಿಂತ ಹೊಲ ಹೆಚ್ಚು, ಹೊಲದಲ್ಲಿ ನೆಲಗಡಲೆ ಹೆಚ್ಚು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಅನಂತಪುರ ಒಂದು. ಮುಂಗಾರಿನಲ್ಲಿ ಒಂದು ಹದ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಬಿತ್ತನೆ ಮುಗಿಯಬೇಕು. ಭೂಮಿಯ ಹಸಿ ಆರಿದರೆ ಮತ್ತೆ ಆಕಾಶ ನೋಡಬೇಕು.

ಅಂಥ ದಿನಗಳಲ್ಲಿ ಬೀಜ ಹಂಚುವ ಕೇಂದ್ರದಲ್ಲಿ ಪಟ್ಟಿಯಲ್ಲಿ ಹೆಸರು ತಪ್ಪಿದೆ, ಬೆರಳಚ್ಚು ಹೊಂದುತ್ತಿಲ್ಲ, ಸರ್ವರ್ ಬರುತ್ತಿಲ್ಲ ಎಂದರೆ ಸಿಬ್ಬಂದಿ ಏನು ಮಾಡಬೇಕು? ರೈತ ಎದುರಿಗೇ ನಿಂತಿದ್ದಾನೆ, ಅವನ ಹೊಲ ಯಾವುದೆಂದು ಇಡೀ ಊರಿಗೆ ಗೊತ್ತು. ಆದರೂ 'ಮೇಲಿನವರನ್ನು ಕೇಳಬೇಕು'. 2019ರ ಅಕ್ಟೋಬರ್ 2ರಂದು ಆಂಧ್ರದಲ್ಲಿ ಗ್ರಾಮ ಸಚಿವಾಲಯಗಳು ಶುರುವಾದವು. 2020ರಲ್ಲಿ ರೈತು ಭರೋಸಾ ಕೇಂದ್ರಗಳು ಬಂದವು, 2024ರ ಸರ್ಕಾರ ಬದಲಾವಣೆಯ ನಂತರ ಅವು ರೈತು ಸೇವಾ ಕೇಂದ್ರಗಳಾದವು. 2025ರ ಜನವರಿ 30ರಂದು 'ಮನ ಮಿತ್ರ' ಎಂಬ ವಾಟ್ಸಾಪ್ ಸೇವೆ 161 ಸೇವೆಗಳೊಂದಿಗೆ ಆರಂಭವಾಯಿತು. ಅರ್ಜಿ ಹಾಕಲು ಊರು ಬಿಟ್ಟು ಹೋಗುವ ಕಷ್ಟ ತಪ್ಪಿದ್ದು ನಿಜ, ಅದು ಸಣ್ಣ ಮಾತಲ್ಲ. ಆದರೆ ಅರ್ಜಿ ಕ್ಷಣದಲ್ಲಿ ಮೇಲೆ ಹೋಗುವುದು ಬೇರೆ, ಕೆಳಗೆ ಕೂತವರು ಅದನ್ನು ಅಲ್ಲೇ ತೀರ್ಮಾನಿಸುವುದು ಬೇರೆ.

ಬ್ಯಾಂಕಿನ ಉದಾಹರಣೆ ಇನ್ನೂ ಸ್ಪಷ್ಟ. ಈ ಜಿಲ್ಲೆಯ ಹಳಬರಿಗೆ ಶ್ರೀ ಅನಂತ ಗ್ರಾಮೀಣ ಬ್ಯಾಂಕ್ ನೆನಪಿದೆ, ಅದರ ಕೇಂದ್ರ ಕಚೇರಿ ಅನಂತಪುರದಲ್ಲೇ ಇತ್ತು. 2006ರಲ್ಲಿ ಅದು ಬೇರೆ ಎರಡು ಬ್ಯಾಂಕುಗಳ ಜೊತೆ ಸೇರಿ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು, ಕೇಂದ್ರ ಕಚೇರಿ ಕಡಪಕ್ಕೆ ಹೋಯಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್. ವಿಲೀನಕ್ಕೆ ಬಂಡವಾಳ, ತಂತ್ರಜ್ಞಾನ ಎಂಬ ಸಕಾರಣಗಳಿವೆ. ಆದರೆ ಕಚೇರಿ ದೂರವಾದಷ್ಟೂ ಶಾಖೆಯ ಮ್ಯಾನೇಜರ್‌ಗೆ ಕೊಟ್ಟ ಅಧಿಕಾರ ಹೆಚ್ಚಬೇಕು, ಕಡಿಮೆಯಾಗಬಾರದು. ಫೋನು ಇದೆ ಎಂಬ ಕಾರಣಕ್ಕೆ ಎಲ್ಲ ಕಡೆ ಇದರ ಉಲ್ಟಾ ನಡೆಯುವ ಅಪಾಯ ಇದೆ. ದೂರ ಹೆಚ್ಚಿದರೂ 'ಒಂದು ಮಾತು ಕೇಳಿದರಾಯಿತು' ಎಂಬ ಭಾವನೆ.

ಉದ್ಯೋಗ ಖಾತ್ರಿಯ ಪಾಠ

ಈ ಜಿಲ್ಲೆಗೆ ಚರಿತ್ರೆಯಲ್ಲಿ ಒಂದು ವಿಶೇಷ ಸ್ಥಾನವಿದೆ. 2006ರ ಫೆಬ್ರವರಿ 2ರಂದು ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯನ್ನು ಚಾಲನೆಗೊಳಿಸಿದ್ದು ಅನಂತಪುರ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ. ಆ ಯೋಜನೆಯ ಕೆಲಸದ ಜಾಗದಲ್ಲಿ ಹಾಜರಿ ಹಿಡಿಯುತ್ತಿದ್ದವರು ಮೇಟ್‌ಗಳು, ಫೀಲ್ಡ್ ಅಸಿಸ್ಟೆಂಟ್‌ಗಳು. ಇವರೂ ಒಂದು ರೀತಿಯ ಮ್ಯಾನೇಜರ್‌ಗಳೇ.

2021ರಲ್ಲಿ ಕೇಂದ್ರ ಸರ್ಕಾರ ಹಾಜರಿಗೆ ಒಂದು ಮೊಬೈಲ್ ಆಪ್ ತಂದಿತು. 2023ರ ಜನವರಿ 1ರಿಂದ ಅದು ಬಹುತೇಕ ಎಲ್ಲ ಕೆಲಸಗಳಿಗೂ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಗಳ ಫೋಟೋ ತೆಗೆದು, ಜಾಗದ ಗುರುತಿನೊಂದಿಗೆ ಏರಿಸಬೇಕು. ಉದ್ದೇಶ ಒಳ್ಳೆಯದು, ಸುಳ್ಳು ಹಾಜರಿ ತಪ್ಪಿಸುವುದು. ಆದರೆ ನೆಟ್‌ವರ್ಕ್ ಇಲ್ಲದ ಕಡೆ ಬೆವರು ಸುರಿಸಿದವರ ಹಾಜರಿ ಬೀಳಲಿಲ್ಲ ಎಂಬ ದೂರು ದೇಶದ ಅನೇಕ ಕಡೆಯಿಂದ ಬಂತು. ಎದುರಿಗೆ ನಿಂತು ಗುದ್ದಲಿ ಹಿಡಿದವರನ್ನು ಕಣ್ಣಾರೆ ಕಂಡ ಮೇಟ್‌ಗೆ 'ಇವರು ಕೆಲಸ ಮಾಡಿದ್ದಾರೆ' ಎಂದು ಹೇಳುವ ಅಧಿಕಾರ ಉಳಿದಿರಲಿಲ್ಲ. ಮೋಸವಾದರೂ ನಿಂತಿತೇ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಕಳಿಸಿ, ಸಂಬಂಧವಿಲ್ಲದ ಫೋಟೋ ಏರಿಸುವುದು, ಫೋಟೋದ ಫೋಟೋ ತೆಗೆಯುವುದು ಮುಂತಾದ ದುರುಪಯೋಗಗಳನ್ನು ಪಟ್ಟಿ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಯಾವುದೇ ಇರಲಿ, ಪಾಠ ಒಂದೇ: ಪ್ರಾಮಾಣಿಕನ ಕೈ ಕಟ್ಟಿದರೆ ಅಪ್ರಾಮಾಣಿಕನ ಕೈ ಕಟ್ಟಿದಂತಾಗುವುದಿಲ್ಲ.

ಕೋತಿ ಯಾರ ಹೆಗಲ ಮೇಲೆ?

ಈ ಸಮಸ್ಯೆ ಮೊಬೈಲಿಗಿಂತ ಹಳೆಯದು. 1974ರಲ್ಲಿ ವಿಲಿಯಂ ಆಂಕನ್ ಮತ್ತು ಡೊನಾಲ್ಡ್ ವಾಸ್ ಎಂಬ ಇಬ್ಬರು ಅಮೆರಿಕದ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅವರ ಹೋಲಿಕೆ ಸರಳ. ಪ್ರತಿ ಸಮಸ್ಯೆಯೂ ಒಂದು ಕೋತಿ. ಕೈಕೆಳಗಿನವನು ಕಾರಿಡಾರಿನಲ್ಲಿ ಎದುರಾಗಿ "ಸಾರ್, ಒಂದು ಪ್ರಾಬ್ಲಂ ಆಗಿದೆ" ಎನ್ನುತ್ತಾನೆ. ಮ್ಯಾನೇಜರ್ "ಯೋಚಿಸಿ ಹೇಳ್ತೀನಿ" ಎನ್ನುತ್ತಾನೆ. ಅಷ್ಟರಲ್ಲಿ ಕೋತಿ ಕೆಳಗಿನವನ ಹೆಗಲಿನಿಂದ ಮೇಲಿನವನ ಹೆಗಲಿಗೆ ಹಾರಿಯಾಯಿತು. ಸಂಜೆಯ ಹೊತ್ತಿಗೆ ಮ್ಯಾನೇಜರ್ ಮೈತುಂಬ ಕೋತಿಗಳು, ಕೆಳಗಿನವರು ಕೈಕಟ್ಟಿ ಕೂತು ಉತ್ತರ ಕಾಯುತ್ತಿರುತ್ತಾರೆ.

ಅಂದು ಕೋತಿ ಹಾರಲು ಇಬ್ಬರೂ ಒಂದೇ ಕಾರಿಡಾರಿನಲ್ಲಿ ಎದುರಾಗಬೇಕಿತ್ತು. ಇಂದು ಆ ಕಾರಿಡಾರು ಹಿಂದೂಪುರದಿಂದ ಬೆಂಗಳೂರಿನವರೆಗೆ ನೂರು ಕಿಲೋಮೀಟರ್ ಉದ್ದ ಇದೆ, ರಾತ್ರಿ ಹನ್ನೆರಡಕ್ಕೂ ತೆರೆದಿರುತ್ತದೆ. ದೊಡ್ಡವರು 'ನನ್ನ ಜನಕ್ಕೆ ಒಂದೂ ಗೊತ್ತಾಗಲ್ಲ, ಎಲ್ಲಕ್ಕೂ ಫೋನ್ ಮಾಡ್ತಾರೆ' ಎಂದು ಗೊಣಗುತ್ತಾರೆ. ಆದರೆ ಒಂದು ದಿನ ಫೋನ್ ಮಾಡದೆ ಏನಾದರೂ ಮಾಡಿದರೆ 'ಯಾರನ್ನು ಕೇಳಿ ಮಾಡಿದೆ?' ಎಂದು ಗದರುವವರೂ ಅವರೇ. ಎರಡು ಸಲ ಹೀಗಾದರೆ ಸಾಕು, ಮೂರನೆಯ ಸಲ ಯಾವ ಜಾಣನೂ ಸ್ವಂತ ಬುದ್ಧಿ ಉಪಯೋಗಿಸುವುದಿಲ್ಲ. ಬಿಸಿ ಹಾಲು ಕುಡಿದ ಬೆಕ್ಕಿನ ಕಥೆ ತೆನಾಲಿ ರಾಮನ ನಾಡಿನವರಿಗೆ ಹೇಳಬೇಕಾಗಿಲ್ಲ.

ತಡವಾದರೆ ತೆರುವ ಬೆಲೆ

ಅಪ್ಪಣೆ ಕಾಯುವುದರಿಂದ ಏನಾಗಬಹುದು ಎಂಬುದಕ್ಕೆ ಜಗತ್ತಿನಲ್ಲಿ ಒಂದು ಭೀಕರ ಉದಾಹರಣೆ ಇದೆ. 1988ರ ಜುಲೈ 6ರಂದು ಬ್ರಿಟನ್ನಿನ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಗೆ ಬೆಂಕಿ ಬಿತ್ತು. ಹತ್ತಿರದ ಎರಡು ವೇದಿಕೆಗಳು ಅದೇ ಕೊಳವೆ ಜಾಲಕ್ಕೆ ಜೋಡಣೆಯಾಗಿದ್ದವು. ಅಲ್ಲಿಂದಲೇ ಬೆಂಕಿ ಕಾಣುತ್ತಿದ್ದರೂ ಉತ್ಪಾದನೆ ನಿಲ್ಲಿಸಲು ಅಲ್ಲಿನ ವ್ಯವಸ್ಥಾಪಕರು ಹಿಂಜರಿದರು, ದಡದ ಕಚೇರಿಯ ಮಾತಿಗೆ ಕಾದರು. ಕೊಳವೆಯಲ್ಲಿ ಎಣ್ಣೆ, ಅನಿಲ ಇದ್ದು ಬೆಂಕಿ ಇನ್ನಷ್ಟು ಉರಿಯಿತು. ಒಟ್ಟು 167 ಜನ ಸತ್ತರು. ವಿಚಾರಣೆ ನಡೆಸಿದ ಲಾರ್ಡ್ ಕಲೆನ್ 1990ರಲ್ಲಿ ಕೊಟ್ಟ ವರದಿ ಈ ವಿಳಂಬವನ್ನೂ ಎತ್ತಿ ಹೇಳಿತು.

ಅಷ್ಟು ದೂರ ಹೋಗಬೇಕಾಗಿಲ್ಲ, ಕನ್ನಡದ ಇನ್ನೊಂದು ಗಡಿಯನ್ನೇ ನೋಡಬಹುದು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್ ಸಮಯದಲ್ಲಿ ಕರ್ನಾಟಕ ಕಾಸರಗೋಡು ಕಡೆಯ ರಸ್ತೆಗಳನ್ನು ಮುಚ್ಚಿತು. ದಶಕಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಕೊಂಡರು. ಚಿಕಿತ್ಸೆ ಸಿಗದೆ ಕೆಲವರು ಸತ್ತ ವರದಿಗಳು ಬಂದವು. ಆಂಬುಲೆನ್ಸ್ ಬಾಗಿಲು ತೆರೆದು ನೋಡಿದರೆ ತಿಳಿಯುವ ವಿಷಯ ಮೊದಲು ಕೇರಳ ಹೈಕೋರ್ಟಿಗೆ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ ಏಪ್ರಿಲ್ 7ರಂದು, ಯಾವ ರೋಗಿಯನ್ನು ಯಾವ ಪತ್ರದ ಮೇಲೆ ಬಿಡಬಹುದು ಎಂಬ ನಿಯಮಕ್ಕೆ ಎರಡು ರಾಜ್ಯಗಳೂ ಒಪ್ಪಿವೆ ಎಂದು ಕೇಂದ್ರ ಸರ್ಕಾರ ಕೋರ್ಟಿಗೆ ತಿಳಿಸಿತು. ಚೆಕ್‌ಪೋಸ್ಟಿನ ಪೊಲೀಸರನ್ನು ಬೈದು ಫಲವಿಲ್ಲ. ಅವರ ಕೈಯಲ್ಲಿ ಫೋನು ಇತ್ತು, ಲಾಠಿ ಇತ್ತು, ಆದರೆ 'ಇಂಥವರನ್ನು ಬಿಡಿ' ಎಂಬ ಬರಹ ಇರಲಿಲ್ಲ. ಹೃದಯದ ಕಾಯಿಲೆಗೆ ಬೆಂಗಳೂರಿನ ಆಸ್ಪತ್ರೆಯನ್ನೇ ನಂಬಿರುವ ಹಿಂದೂಪುರ, ಮಡಕಶಿರದ ಜನರಿಗೆ ಈ ಪ್ರಕರಣದ ಬಿಸಿ ಎಷ್ಟೆಂದು ವಿವರಿಸಬೇಕಾಗಿಲ್ಲ.

ಸ್ವಾತಂತ್ರ್ಯದ ಇನ್ನೊಂದು ಮುಖ

ಹಾಗಾದರೆ ಎಲ್ಲ ಅಧಿಕಾರವನ್ನೂ ಕೆಳಗಿನವರಿಗೆ ಬಿಟ್ಟುಕೊಡೋಣವೇ? ಈ ಪ್ರಶ್ನೆಗೆ ಈ ಸೀಮೆಯ ಚರಿತ್ರೆಯಲ್ಲೇ ಉತ್ತರ ಇದೆ. 1800ರಲ್ಲಿ ನಿಜಾಮನಿಂದ ಈ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಗೆ ಬಂದಾಗ ಥಾಮಸ್ ಮನ್ರೋ ಅನಂತಪುರವನ್ನು ಕೇಂದ್ರ ಮಾಡಿಕೊಂಡು 1807ರವರೆಗೆ ಕಲೆಕ್ಟರ್ ಆಗಿದ್ದ. ಮದ್ರಾಸಿನಿಂದ ಟಪ್ಪಾಲು ಬರಲು ದಿನಗಳು ಹಿಡಿಯುತ್ತಿದ್ದವು. ದತ್ತ ಮಂಡಲಗಳ ಕಂದಾಯದ ಬಹುಪಾಲು ನಿರ್ಧಾರ ಅವನೇ ಮಾಡಬೇಕಿತ್ತು, ಮಾಡಿದ. ಅದು ಒಳ್ಳೆಯ ಅಧಿಕಾರಿಯ ಕೈಯಲ್ಲಿದ್ದ ಸ್ವಾತಂತ್ರ್ಯ.

ಆದರೆ ಹಳ್ಳಿಯಲ್ಲಿ ವಂಶಪಾರಂಪರ್ಯವಾಗಿ ಬಂದ ರೆಡ್ಡಿ, ಕರಣಂಗಳ ಕೈಯಲ್ಲೂ ಸ್ವಾತಂತ್ರ್ಯ ಇತ್ತು. ಪಹಣಿ ತಿದ್ದುವುದು ಅವರ ಪೆನ್ನಿನ ತುದಿಯಲ್ಲಿತ್ತು, ಕೇಳುವವರಿರಲಿಲ್ಲ. ಅದು ದಬ್ಬಾಳಿಕೆಯಾಗಿದೆ ಎಂದೇ 1984ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಆ ಹುದ್ದೆಗಳನ್ನು ರದ್ದು ಮಾಡಿತು. ಮರುವರ್ಷ ಅದೇ ಎನ್‌ಟಿಆರ್ ಹಿಂದೂಪುರದಿಂದ ಶಾಸಕರಾಗಿ ಆರಿಸಿ ಬಂದರು. ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿ ಕಚೇರಿಯನ್ನು ಜನರ ಹತ್ತಿರ ತಂದದ್ದೂ ಅದೇ ಸರ್ಕಾರ. ಲೆಕ್ಕ ಒಪ್ಪಿಸದ ಸ್ವಾತಂತ್ರ್ಯ ಪಾಳೇಗಾರಿಕೆ, ಸ್ವಾತಂತ್ರ್ಯವಿಲ್ಲದ ಲೆಕ್ಕ ಗುಮಾಸ್ತಗಿರಿ. ಮ್ಯಾನೇಜರ್ ಎಂಬುವನು ಈ ಎರಡರ ನಡುವೆ ನಿಲ್ಲಬೇಕಾದವನು. ಈಗ ಮೊಬೈಲು ಲೆಕ್ಕ ಒಪ್ಪಿಸುವ ಕೆಲಸವನ್ನು ಎಂದೂ ಇಲ್ಲದಷ್ಟು ಸುಲಭ ಮಾಡಿದೆ. ಫೋಟೋ, ಸಮಯ, ಬರಹ, ಎಲ್ಲ ದಾಖಲಾಗುತ್ತವೆ. ಆದ್ದರಿಂದ ಹಿಂದಿಗಿಂತ ಹೆಚ್ಚು ಧೈರ್ಯವಾಗಿ ಅಧಿಕಾರ ಹಂಚಲು ಇದೇ ಸಕಾಲ. ಉಪಕರಣ ಕೈಗೆ ಬಂದಿದೆ, ಮನಸ್ಸು ಬರಬೇಕಷ್ಟೆ.

ಬೆಳೆಸುವುದು ಹೇಗೆ?

ಸ್ವತಂತ್ರ ನಿರ್ಧಾರ ಭಾಷಣದಿಂದ ಬರುವುದಿಲ್ಲ. ಈಜು ಕಲಿಸಿದಂತೆ ಒಂದೊಂದೇ ಹೆಜ್ಜೆ ಕಲಿಸಬೇಕು.

ಮೊದಲನೆಯದು, ಮಿತಿಯನ್ನು ಬರೆದು ಕೊಡುವುದು. ಇಷ್ಟು ರೂಪಾಯಿಯವರೆಗಿನ ರಿಪೇರಿ, ಇಷ್ಟು ದಿನದ ರಜೆ, ಇಂಥ ಅಪಾಯದಲ್ಲಿ ಯಂತ್ರ ನಿಲ್ಲಿಸುವುದು, ಇವಕ್ಕೆ ಯಾರನ್ನೂ ಕೇಳಬೇಕಾಗಿಲ್ಲ ಎಂದು ಒಂದು ಹಾಳೆಯಲ್ಲಿ, ಕನ್ನಡ ತೆಲುಗು ಎರಡರಲ್ಲೂ ಬರೆದು ಗೋಡೆಗೆ ಅಂಟಿಸಬೇಕು. ರೈಲ್ವೆ ಇದನ್ನು ಎಂದೋ ಮಾಡಿದೆ. ಹಳಿಯಲ್ಲಿ ಅಪಾಯ ಕಂಡರೆ ಹಿಂದೂಪುರದ ಸ್ಟೇಷನ್ ಮಾಸ್ಟರ್ ಬೆಂಗಳೂರಿನ ಅಪ್ಪಣೆಗೆ ಕಾಯುವುದಿಲ್ಲ, ಸಿಗ್ನಲ್ ಕೆಂಪು ಮಾಡುತ್ತಾರೆ, ಆಮೇಲೆ ತಿಳಿಸುತ್ತಾರೆ.

ಎರಡನೆಯದು, ಪ್ರಶ್ನೆಯ ರೂಪ ಬದಲಿಸುವುದು. ಆಂಕನ್ ಮತ್ತು ವಾಸ್ ಐದು ಮೆಟ್ಟಿಲು ಹೇಳಿದ್ದರು: ಹೇಳುವವರೆಗೆ ಕಾಯುವುದು, ಏನು ಮಾಡಲಿ ಎಂದು ಕೇಳುವುದು, ಹೀಗೆ ಮಾಡಬಹುದೇ ಎಂದು ಸೂಚಿಸುವುದು, ಮಾಡಿ ತಕ್ಷಣ ತಿಳಿಸುವುದು, ಮಾಡಿ ವಾಡಿಕೆಯಂತೆ ವರದಿ ಕೊಡುವುದು. ಮೊದಲ ಎರಡು ಮೆಟ್ಟಿಲನ್ನು ಮ್ಯಾನೇಜರ್‌ಗಳಿಗೆ ನಿಷೇಧಿಸಬೇಕು ಎಂಬುದು ಅವರ ಸಲಹೆಯ ಸಾರ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, "ಸಾರ್, ಏನ್ ಮಾಡ್ಲಿ?" ಎಂಬ ಮೆಸೇಜಿಗೆ ಉತ್ತರ ಕೊಡದಿರುವುದು. "ಸಾರ್, ಹೀಗಾಗಿದೆ, ಹೀಗೆ ಮಾಡ್ತಿದ್ದೀನಿ" ಎಂಬ ಮೆಸೇಜಿಗೆ "ಸರಿ" ಎನ್ನುವುದು. ಮೇಲಿನವರು ಸುಲಭದ ಉತ್ತರ ಗೊತ್ತಿದ್ದರೂ ಬಾಯಿ ಬಿಗಿಹಿಡಿದು "ನಿನಗೇನನ್ನಿಸುತ್ತೆ?" ಎಂದು ಕೇಳುವುದನ್ನು ಅಭ್ಯಾಸ ಮಾಡಬೇಕು. ಇದು ಕೆಳಗಿನವರಿಗಿಂತ ಮೇಲಿನವರಿಗೇ ಹೆಚ್ಚು ಕಷ್ಟ.

ಮೂರನೆಯದು, ತಪ್ಪನ್ನು ನೋಡುವ ಕಣ್ಣು. ಮಿತಿಯೊಳಗೆ, ಒಳ್ಳೆಯ ಉದ್ದೇಶದಿಂದ ಮಾಡಿದ ನಿರ್ಧಾರ ತಪ್ಪಾದರೆ ಅದು ಪಾಠ, ಅಪರಾಧವಲ್ಲ. ಬಿಡದಿಯಲ್ಲಿ 1999ರ ಕೊನೆಯಲ್ಲಿ ಕಾರು ತಯಾರಿಕೆ ಶುರು ಮಾಡಿದ ಟೊಯೋಟಾ ಜಗತ್ತಿಗೆ ಕಲಿಸಿದ ಒಂದು ಪದ್ಧತಿಗೆ 'ಆಂಡನ್' ಎಂದು ಹೆಸರು. ದೋಷ ಕಂಡ ಸಾಮಾನ್ಯ ಕಾರ್ಮಿಕನೂ ಹಗ್ಗ ಎಳೆಯಬಹುದು. ಟೀಂ ಲೀಡರ್ ಓಡಿ ಬರುತ್ತಾನೆ, ಗೊತ್ತಾದ ಸಮಯದಲ್ಲಿ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಸುಮ್ಮನೆ ಎಳೆದೆಯಲ್ಲ ಎಂದು ಬೈದರೆ ಮರುದಿನದಿಂದ ಆ ಹಗ್ಗ ಬಟ್ಟೆ ಒಣಗಿಸಲು ಮಾತ್ರ.

ನಾಲ್ಕನೆಯದು, ಮೊದಲೇ ತರಬೇತಿ. 2008ರ ನವೆಂಬರ್ 26ರ ರಾತ್ರಿ ಮುಂಬೈ ತಾಜ್ ಹೋಟೆಲಿನ ಮೇಲೆ ಉಗ್ರರ ದಾಳಿಯಾದಾಗ ಒಂದು ಔತಣಕೂಟದ ಹೊಣೆ ಹೊತ್ತಿದ್ದವರು 24 ವರ್ಷದ ಸಹಾಯಕ ಬ್ಯಾಂಕ್ವೆಟ್ ಮ್ಯಾನೇಜರ್. ಅವರು ಬಾಗಿಲು ಹಾಕಿಸಿ, ದೀಪ ಆರಿಸಿ, ಅತಿಥಿಗಳನ್ನು ಮೇಜಿನ ಕೆಳಗೆ ಮಲಗಿಸಿ ರಾತ್ರಿಯಿಡೀ ಕಾಪಾಡಿದರು. ಮೇಲಿನವರ ಆದೇಶ ಬರಲೆಂದು ಅವರು ಕಾಯಲಿಲ್ಲ. ಈ ಸಿಬ್ಬಂದಿಯನ್ನು ಅಧ್ಯಯನ ಮಾಡಿದ ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ 2011ರಲ್ಲಿ ಬರೆದದ್ದೇನೆಂದರೆ, ಅಂಥ ವರ್ತನೆಯ ಬೇರು ಸಂಸ್ಥೆಯ ಆಯ್ಕೆ, ತರಬೇತಿ ಮತ್ತು ಮೆಚ್ಚುಗೆಯ ಪದ್ಧತಿಯಲ್ಲಿದೆ.

ಇದೆಲ್ಲ ದೊಡ್ಡ ಕಂಪನಿಗಳಿಗೆ ಮಾತ್ರ ಎನ್ನುವಂತಿಲ್ಲ. ಹೆಚ್ಚು ದೂರವಿಲ್ಲದ ಚೆನ್ನೆಕೊತ್ತಪಲ್ಲಿಯಲ್ಲಿ 1990ರಲ್ಲಿ ಆರಂಭವಾದ ಟಿಂಬಕ್ಟು ಕಲೆಕ್ಟಿವ್ ಬೆಳೆಸಿದ ಮಹಿಳಾ ಉಳಿತಾಯ ಸಹಕಾರ ಸಂಘಗಳಿವೆ, ಊರೂರಿನಲ್ಲಿ ಸ್ವಸಹಾಯ ಗುಂಪುಗಳಿವೆ. ಯಾರಿಗೆ ಸಾಲ, ಎಷ್ಟು ಸಾಲ, ಯಾರ ಕಂತು ಮುಂದೂಡಬೇಕು ಎಂಬುದನ್ನು ಹೆಣ್ಣುಮಕ್ಕಳು ಸಭೆಯಲ್ಲಿ ಕೂತು ತೀರ್ಮಾನಿಸುತ್ತಾರೆ, ನಡವಳಿ ಪುಸ್ತಕದಲ್ಲಿ ಬರೆಸುತ್ತಾರೆ. ಅಧಿಕಾರ, ಮಿತಿ, ಲೆಕ್ಕ ಮೂರೂ ಒಂದೇ ಪುಸ್ತಕದಲ್ಲಿವೆ. ಸಹಿ ಹಾಕಲು ದೊಡ್ಡವರಾದ ಮೇಲೆ ಕಲಿತ ಹೆಂಗಸರು ಮಾಡಬಲ್ಲದ್ದನ್ನು ಪದವಿ ಪಡೆದ ಮ್ಯಾನೇಜರ್ ಮಾಡಲಾರನೇ?

ಕೊನೆಯ ಮಾತು

ನಿರ್ಧಾರ ತಡವಾದಾಗ ನಷ್ಟ ಯಾರಿಗೆ ಎಂದು ನೋಡಿದರೆ ಈ ವಿಷಯದ ತೂಕ ತಿಳಿಯುತ್ತದೆ. ಫೋನೆತ್ತದ 'ಸಾರ್'ಗೆ ನಷ್ಟವಿಲ್ಲ, ಕೇಳಿ ಹೇಳುತ್ತೇನೆ ಎಂದವರಿಗೂ ನಷ್ಟವಿಲ್ಲ. ಕೌಂಟರಿನ ಈಚೆ ನಿಂತವರಿಗೆ ನಷ್ಟ: ಒಂದು ದಿನದ ಕೂಲಿ ಬಿಟ್ಟು ಬಂದವಳಿಗೆ, ಹದ ಆರುತ್ತಿರುವ ಹೊಲದವನಿಗೆ, ಸುಟ್ಟ ವಾಸನೆಯ ಯಂತ್ರದ ಮುಂದೆ ಕೂತ ಹುಡುಗನಿಗೆ. ಆದ್ದರಿಂದ ಇದು ಕೇವಲ ಮ್ಯಾನೇಜ್‌ಮೆಂಟ್ ಕಾಲೇಜಿನ ಪಾಠವಲ್ಲ, ಗಡಿಯ ಪ್ರತಿ ಹಳ್ಳಿಯ ದಿನನಿತ್ಯದ ಪ್ರಶ್ನೆ.

ಮುಂದಿನ ಸಲ ಯಾರಾದರೂ "ಸಾರ್‌ನ ಕೇಳಿ ಹೇಳ್ತೀನಿ" ಎಂದಾಗ ಜನರೂ ಒಂದು ಮಾತು ಕೇಳಬಹುದು, ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ: "ಇದು ನಿಮ್ಮ ಅಧಿಕಾರದಲ್ಲಿ ಇಲ್ಲವೇ? ಇಲ್ಲ ಎಂದು ಎಲ್ಲಿ ಬರೆದಿದೆ?" ಉತ್ತರ ಸಿಗದಿದ್ದರೆ, ಆ ಹಾಳೆಯನ್ನು ಬರೆಸುವ ಕೆಲಸ ಅಲ್ಲಿಂದಲೇ ಶುರುವಾಗಲಿ.